ಆದಿಲಕ್ಷ್ಮಮ್ಮನ ಸಿಪ್ಪೆ ಸಾರು

ನಮ್ಮ ದೊಡ್ಡಮ್ಮ ಆದಿಲಕ್ಷ್ಮಮ್ಮನ ಮರ್ಯಾದೆಯೆಲ್ಲ ಅವರ ಹೆಬ್ಬೆರಳಲ್ಲಿದೆ. ನೆನೆಸಿದ ಅವರೆಕಾಳನ್ನು ಹಿಡಿದು ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ದೊಡ್ಡಬಳ್ಳಾಪುರದ ಸುತ್ತ ಈ ಹಿತಕಿದ ಬೇಳೆ ಸಾರು ಮಾಡದ ಮನೆಯಿಲ್ಲ. ಆದರೆ ಒಂದೇ ಒಂದು ಸಿಪ್ಪೆಯೂ ಸಿಗದಿರುವುದು ದೊಡ್ಡಮ್ಮನ ಸಾರಿನಲ್ಲಿ ಮಾತ್ರ. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ. ಒಪ್ಪದವರು ಅವರ ನಾದಿನಿ ರುಕ್ಮಿಣಮ್ಮ ಒಬ್ಬರೇ. ಆಕೆ ಪ್ರತಿವರ್ಷ ಅವರೆ ಕಾಲದಲ್ಲಿ ಹೊಸಕೋಟೆಯಿಂದ ಬಂದು, ತಟ್ಟೆಯಲ್ಲಿ ಸಿಪ್ಪೆ ಹುಡುಕುತ್ತಲೇ ಉಣ್ಣುತ್ತಾರೆ. ನನಗಂತೂ ಆಕೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಕಳೆದ ದೀಪಾವಳಿ ಆದಮೇಲೆ ದೊಡ್ಡಮ್ಮನ ರಕ್ತಪರೀಕ್ಷೆಯಾಯಿತು. ಕೊಲೆಸ್ಟ್ರಾಲ್ ಇನ್ನೂರ ಮೂವತ್ತು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಮುಟ್ಟು ನಿಂತ ಮೇಲೆ ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಇಳಿಯುತ್ತದೆ, ಅದು ಇಳಿದರೆ ಕೊಲೆಸ್ಟ್ರಾಲ್ ಏರುವುದುಂಟು. ನಾರಿನಂಶ ಹೆಚ್ಚು ತಿನ್ನಬೇಕು, ಕಾಳನ್ನು ಸಿಪ್ಪೆ ಸಮೇತ ತಿನ್ನಬೇಕು. ಆಗಲೂ ಇಳಿಯದಿದ್ದರೆ ಮಾತ್ರೆ. ಮಾತ್ರೆ ಎಂದದ್ದೇ ದೊಡ್ಡಮ್ಮ ಬೆವತುಹೋದರು. ದೊಡ್ಡಪ್ಪ ಮುನಿರಾಮಯ್ಯ ಬಿಪಿ ಮಾತ್ರೆ ಶುರುಮಾಡಿದಾಗಿನಿಂದ ಮದುವೆಮನೆಯಲ್ಲೂ ಡಬ್ಬಿ ತೆರೆದು ಪಕ್ಕದವರಿಗೆ ಬಣ್ಣ ತೋರಿಸುತ್ತಾರೆ. ತಾನೂ ಹಾಗಾಗುವುದು ದೊಡ್ಡಮ್ಮನಿಗೆ ಬೇಡ. ಆದರೆ ಸಿಪ್ಪೆ ಸಾರು ಮಾಡಿದರೆ ಹೆಸರು ಹೋಗುತ್ತದೆ.

ದೊಡ್ಡಮ್ಮನಿಗೇ ಒಂದು ಉಪಾಯ ಹೊಳೆಯಿತು. ಅವರೆ ಸಿಪ್ಪೆ, ರಾಗಿಹಿಟ್ಟು ಜರಡಿ ಹಿಡಿದಾಗ ಉಳಿಯುವ ತೌಡು, ಎಲ್ಲ ಹೋಗುವುದು ಹಸುವಿಗೆ ತಾನೆ? ಹಸು ತಿಂದ ನಾರೆಲ್ಲ ಹಾಲಿಗೆ ಬರುತ್ತದೆ, ಹಾಲಿನ ಸತ್ವವೆಲ್ಲ ತುಪ್ಪಕ್ಕೆ ಬರುತ್ತದೆ. ಅಂದಿನಿಂದ ಮುದ್ದೆಯ ಮೇಲೆ ತುಪ್ಪ ಸುರಿದುಕೊಂಡು, ಔಷಧಿಯೆಂದು ಭಕ್ತಿಯಿಂದ ಉಂಡರು. ನಾನು ಬೇಡವೆಂದರೆ, ನೀನು ಎಷ್ಟು ಹಸು ಸಾಕಿದ್ದೀಯ ಎಂದು ಬಾಯಿ ಮುಚ್ಚಿಸಿದರು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ನೋಡಿದರೆ ಇನ್ನೂರ ಅರವತ್ತು. ತುಪ್ಪದ ಕಥೆ ಕೇಳಿ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಹಸು ತಿಂದ ನಾರು ಹಾಲಿಗೆ ಬರಲ್ಲಮ್ಮ, ಸಗಣಿಗೆ ಹೋಗುತ್ತೆ. ಇನ್ನೊಂದೇ ಸಲ ಟೈಮ್ ಕೊಡ್ತೀನಿ. ತುಪ್ಪ ಬಿಟ್ಟು, ಸಿಪ್ಪೆ ನೀವೇ ತಿನ್ನಿ.”

ಆ ಭಾನುವಾರವೇ ರುಕ್ಮಿಣಮ್ಮ ಬರುವವರಿದ್ದರು. ನಿಮ್ಮದನ್ನು ಬೇರೆ ಪಾತ್ರೆಯಲ್ಲಿ ಗುಟ್ಟಾಗಿ ಬೇಯಿಸಿಕೊಳ್ಳಿ ಎಂದೆ. ನನ್ನ ಮನೆಯಲ್ಲಿ ನಾನೇ ಕಳ್ಳಿಯಾಗಬೇಕಾ ಎಂದು ದೊಡ್ಡಮ್ಮ ಸಿಡುಕಿದರು. ಎಲ್ಲರಿಗೂ ಸಿಪ್ಪೆ ಸಮೇತದ ಸಾರನ್ನೇ ಮಾಡಿದರು. ಬಡಿಸುವಾಗ ಮಾತ್ರ ರುಕ್ಮಿಣಮ್ಮನ ತಟ್ಟೆಗೆ ಎಲ್ಲರಿಗಿಂತ ಕೊನೆಗೆ ಹಾಕಿದರು.

ರುಕ್ಮಿಣಮ್ಮ ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದರು.

“ಏನತ್ತಿಗೆ, ಬೆರಳು ಸೋತೋದ್ವಾ?”

“ಮುಟ್ಟು ನಿಂತೋಯ್ತು ರುಕ್ಮಿಣಿ. ಕೊಲೆಸ್ಟ್ರಾಲ್ ಇನ್ನೂರ ಅರವತ್ತಾಗೈತೆ. ಸಿಪ್ಪೆ ತಿನ್ನು ಅಂದವ್ರೆ, ತಿಂತಾ ಇದೀನಿ.”

ಗಂಡಸರೆಲ್ಲ ಮುದ್ದೆಯನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು. ಆಕೆ ಇನ್ನೊಂದು ಕೊಂಕು ತೆಗೆದರೆ ಜಗಳಕ್ಕೆ ನಿಲ್ಲುವುದೆಂದು ನಾನು ಕಾದೆ. ರುಕ್ಮಿಣಮ್ಮ ಅತ್ತಿತ್ತ ನೋಡಿ, ದೊಡ್ಡಮ್ಮನ ಕಡೆ ಬಾಗಿ ದನಿ ತಗ್ಗಿಸಿದರು.

“ನಂದು ಇನ್ನೂರ ಎಂಬತ್ತು ಅತ್ತಿಗೆ. ಯಾರ್ಗೂ ಹೇಳಿಲ್ಲ. ಇನ್ನೊಂದು ಸೌಟು ಹಾಕು.”

ದೊಡ್ಡಮ್ಮ ಸೌಟು ಕೆಳಗಿಟ್ಟು ಆಕೆಯ ಎಂಜಲು ಕೈಯನ್ನೇ ಹಿಡಿದುಕೊಂಡರು. ಆಮೇಲೆ ಎರಡು ಸೌಟು ಹಾಕಿದರು.