ಗಟ್ಟಿಯಾಗಿ ಹೇಳಿದ ಗುಟ್ಟು

ಗುಟ್ಟು ಹೇಳುವಾಗ ಲೋಕದ ಜನರೆಲ್ಲ ದನಿ ತಗ್ಗಿಸುತ್ತಾರೆ. ನಮ್ಮ ಮನೆಯವರು ಮಾತ್ರ ಏರಿಸುತ್ತೇವೆ. ಬಸ್ಸಿನಲ್ಲಿ, ಜವಳಿ ಅಂಗಡಿಯಲ್ಲಿ, ಮದುವೆ ಮಂಟಪದ ಊಟದ ಪಂಕ್ತಿಯಲ್ಲಿ, ಎದುರಿಗಿರುವವರ ರೂಪ, ಗುಣ, ಸೀರೆಯ ಬಣ್ಣ, ಸಾಂಬಾರಿನ ಉಪ್ಪು ಇವೆಲ್ಲವನ್ನೂ ಅವರ ಮುಖದ ಮುಂದೆಯೇ ನಿಸ್ಸಂಕೋಚವಾಗಿ ವಿಮರ್ಶಿಸುವ ಭಾಗ್ಯ ಕೊಯಮತ್ತೂರಿನ ಕನ್ನಡಿಗರಾದ ನಮಗೆ ತಲೆಮಾರುಗಳಿಂದ ಒದಗಿಬಂದಿದೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು ಎಂಬುದು ನಮ್ಮ ಹಿರಿಯರು ಮಗ್ಗ ನೇಯುತ್ತಿದ್ದ ಕಾಲದಿಂದ ನಡೆದುಬಂದ ಕಟ್ಟಳೆ. ಯಾರನ್ನಾದರೂ ಆಡಿಕೊಳ್ಳಬೇಕಾದಾಗ ಮಾತ್ರ ಆ ಕಟ್ಟಳೆಗೆ ವಿನಾಯಿತಿಯುಂಟು. ನೀವೂ ಪರಸ್ಥಳದಲ್ಲಿ ಇಂಥ ಧೈರ್ಯ ತೋರಿದವರೇ ಆಗಿದ್ದರೆ, ದಯವಿಟ್ಟು ಮುಂದಕ್ಕೆ ಓದಿ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಚೇರಿಗೆ ದಿನವೂ ಹೋಗಿಬರುವವನು. ಮನೆಯಲ್ಲಿ ಕನ್ನಡ ಆಡುವವರು ಐದು ಮಂದಿಯಿದ್ದರೂ ಓದಬಲ್ಲವನು ನಾನೊಬ್ಬನೇ. ಅದೂ ಮೂವತ್ತು ದಾಟಿದ ಮೇಲೆ, ಮೈಸೂರಿನಿಂದ ತರಿಸಿದ ಒಂದನೆಯ ತರಗತಿಯ ಪುಸ್ತಕವನ್ನು ರೈಲಿನಲ್ಲಿ ಬಚ್ಚಿಟ್ಟುಕೊಂಡು ಓದಿ ಕಲಿತದ್ದು. ಅಂದಿನಿಂದ ಮನೆಯಲ್ಲಿ ನಾನು ಪಂಡಿತ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಈ ಪಾಂಡಿತ್ಯವನ್ನು ಪ್ರಶ್ನಿಸುವವರು ಯಾರೂ ಇಲ್ಲದ್ದರಿಂದ, ಕನ್ನಡಕ್ಕೆ ನನ್ನಿಂದ ಮಹದುಪಕಾರವಾಗುತ್ತಿದೆಯೆಂದೇ ನಂಬಿದ್ದೆ.

ನಮ್ಮ ಮಗಳು ಕಯಲ್‌ಗೆ ಆರು ವರ್ಷ. ಅವಳ ಪ್ರಾಣಸ್ನೇಹಿತೆ ಯಾಳಿನಿ ಆರ್.ಎಸ್. ಪುರಂ ಬಡಾವಣೆಯವಳು. ಹೋದ ತಿಂಗಳು ಯಾಳಿನಿಯ ಹುಟ್ಟುಹಬ್ಬಕ್ಕೆ ಶನಿವಾರ ರಾತ್ರಿ ಅವರ ಮನೆಯಲ್ಲೇ ತಂಗಬೇಕೆಂದು ಕರೆ ಬಂತು. ಕಯಲ್ ಒಂದು ರಾತ್ರಿಯೂ ತಾಯಿಯನ್ನು ಬಿಟ್ಟು ಮಲಗಿದವಳಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಕಿವಿ. ನನ್ನ ಹೆಂಡತಿ ಭುವನಾಳ ಎಡಗಿವಿಯ ಹಾಲೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜುತ್ತಿದ್ದರೆ ಮಾತ್ರ ಅವಳಿಗೆ ನಿದ್ದೆ. ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಬೊಂಬೆ ಎಲ್ಲವನ್ನೂ ಚೀಲಕ್ಕೆ ತುಂಬಬಹುದು, ತಾಯಿಯ ಕಿವಿಯನ್ನು ತುಂಬುವುದು ಹೇಗೆ? ಮಗು ನಡುರಾತ್ರಿ ಎದ್ದು ಅತ್ತರೆ ಏನು ಗತಿ ಎಂದು ನಾವಿಬ್ಬರೂ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಕಯಲ್ ಮಾತ್ರ ಎರಡೆರಡು ಸಲ ಉಂಡಳು.

ಮಕ್ಕಳು 'ಪಾಟಿ' ಎನ್ನುತ್ತಿದ್ದ ಯಾಳಿನಿಯ ಅಜ್ಜಿಯನ್ನು ನಾವು ಮೂರು ವರ್ಷದಿಂದ ಶಾಲೆಯ ಗೇಟಿನ ಬಳಿ ಕಾಣುತ್ತಿದ್ದೆವು. ನೀಳ ಮೂಗಿನ, ಬಿಗಿದ ತುಟಿಯ, ನಗುವಿಗೂ ತಮಗೂ ಆಗಿಬಾರದೆಂಬಂತಿದ್ದ ಹೆಂಗಸು. ಮೊಮ್ಮಗಳಿಗೆ ಅಚ್ಚ ತಮಿಳು ಹೆಸರು, ಆಕೆಯ ಬಾಯಲ್ಲಿ ಅಚ್ಚ ಕೊಂಗುನಾಡಿನ ತಮಿಳು. ನಮ್ಮ ಮಗಳ ಹೆಸರೂ ತಮಿಳೇ, ನಮ್ಮ ಬಾಯಲ್ಲೂ ಅದೇ ತಮಿಳು ಎಂಬುದು ನನ್ನ ಪಾಂಡಿತ್ಯಕ್ಕೆ ಹೊಳೆಯಲೇ ಇಲ್ಲ. ನನಗೆ ರಜೆಯಿದ್ದ ಶನಿವಾರಗಳಂದು ಗಂಟೆ ಹೊಡೆಯುವತನಕ ಮಾಡುವುದಕ್ಕೆ ಬೇರೆ ಕೆಲಸವಿಲ್ಲದ್ದರಿಂದ ಆಕೆಯ ಮುಖಮುದ್ರೆ, ಮೂಗುಬೊಟ್ಟು, ಅವರ ಸೊಸೆಯ ಪಾಡು ಮುಂತಾದ ವಿಷಯಗಳನ್ನು ನಾನೂ ಭುವನಾಳೂ ಕನ್ನಡದಲ್ಲಿ ವಿಸ್ತಾರವಾಗಿ ಚರ್ಚಿಸುತ್ತಿದ್ದೆವು. ಮುಖದಲ್ಲಿ ಮಾತ್ರ ಸದಾ ವಿನಯ.

ಶನಿವಾರ ಸಂಜೆ ಬಾಗಿಲು ತೆರೆದವರು ಆ ಅಜ್ಜಿಯೇ. "ವಾಂಗೊ, ಉಳ್ಳೆ ವಾಂಗೊ" ಎಂದು ಒಳಗೆ ಕರೆದರು. ಕಯಲ್ ಹಿಂತಿರುಗಿಯೂ ನೋಡದೆ ಓಡಿಬಿಟ್ಟಳು. ಕಾಫಿ ಕುಡಿಯುತ್ತ ಭುವನಾ, ನಗುಮುಖದಿಂದಲೇ, "ಈಯಮ್ಮನ ಮೋರೆ ನೋಡ್ರಿ, ಹುಣಸೇಹಣ್ಣು ಕಚ್ಕೊಂಡಂಗೆ. ರಾತ್ರಿ ಎದ್ದು ನೋಡುದ್ರೆ ಕೂಸು ಬೆದ್ರಿಕೊಳ್ಳಲ್ವಾ?" ಎಂದಳು. ನಾನೂ ಕಾಫಿಯನ್ನು ಮೆಚ್ಚಿದವನಂತೆ ತಲೆಯಾಡಿಸುತ್ತ, "ಭಯಪಡಬೇಡ. ಒಂಬತ್ತು ಗಂಟೆಗೆ ಫೋನ್ ಮಾಡಿ ಅವ್ವಂಗೆ ಜ್ವರ ಅಂತ ಒಂದು ಸುಳ್ಳು ಹೇಳಿ ಕರ್ಕೊಂಡು ಬಂದುಬುಡಣ" ಎಂದೆ. ಅಜ್ಜಿ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಮದುಕ್ಕರೈನ ನಮ್ಮ ಮನೆಗೆ ಹಿಂತಿರುಗಿ, ಒಂಬತ್ತಕ್ಕೆ ಸರಿಯಾಗಿ ಫೋನ್ ಮಾಡಿದೆ. ನನ್ನ ತಾಯಿಗೆ ವಿಪರೀತ ಜ್ವರ ಬಂದಿರುವುದಾಗಿಯೂ ಮೊಮ್ಮಗಳನ್ನು ಕಾಣಲು ಹಂಬಲಿಸುತ್ತಿರುವುದಾಗಿಯೂ ಶೋಕಪೂರ್ಣ ತಮಿಳಿನಲ್ಲಿ ನಿವೇದಿಸಿದೆ. ನನ್ನ ತಾಯಿ ಪಕ್ಕದಲ್ಲೇ ಕುಳಿತು ಮುರುಕು ಕಡಿಯುತ್ತಿದ್ದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಮಗು ಉಂಡು ಆಡುತ್ತಿದೆ, ಬೆಳಿಗ್ಗೆ ಬಂದರೆ ಸಾಕು, ತಾಯಿಯವರ ಹಣೆಗೆ ಒದ್ದೆ ಬಟ್ಟೆ ಹಾಕಿ, ಮೆಣಸಿನ ಸಾರು ಕೊಡಿ, ಎಂದು ತಣ್ಣಗೆ ಹೇಳಿ ಫೋನ್ ಇಟ್ಟರು. ಅಂದು ನಮ್ಮ ಮನೆಯಲ್ಲಿ ನಿದ್ದೆ ಬಂದದ್ದು ಜ್ವರದ ರೋಗಿಯೊಬ್ಬರಿಗೇ.

ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲು ತಟ್ಟಿದೆವು. ಕಯಲ್ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡು ಇಡ್ಲಿ ತಿನ್ನುತ್ತಿದ್ದಳು. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿದರು.

"ನಿಮ್ಮವ್ವಂಗೆ ಜ್ವರ ಬುಡ್ತಾಪ್ಪಾ?"

ಕನ್ನಡ! ನಮ್ಮ ಅಡುಗೆಮನೆಯ, ನಮ್ಮ ಜಗಲಿಯ, ಸಾಕ್ಷಾತ್ ನನ್ನ ಸೋದರತ್ತೆಯ ಕನ್ನಡ! ಭುವನಾ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಮೂರು ದಿನ ಕಲೆಯಿತ್ತು. ಮೂರು ವರ್ಷಗಳ ನಮ್ಮ ಗೇಟಿನ ವಿಮರ್ಶೆಯೆಲ್ಲ ಒಂದೂ ಬಿಡದೆ ನೆನಪಿಗೆ ಬಂತು: ಮೂಗು, ಮೂಗುಬೊಟ್ಟು, ಸೊಸೆ, ಹುಣಸೇಹಣ್ಣು. ಭೂಮಿ ಬಾಯ್ಬಿಡಬಾರದೇ ಎಂದು ನೆಲ ನೋಡಿದೆ. ಹೊಸದಾಗಿ ಟೈಲ್ಸ್ ಹಾಕಿಸಿದ ನೆಲ, ಬಾಯ್ಬಿಡುವ ಲಕ್ಷಣವಿರಲಿಲ್ಲ.

ಅಜ್ಜಿ ಏನೂ ಆಗದವರಂತೆ ರಾತ್ರಿಯ ವರ್ತಮಾನ ಹೇಳಿದರು. ದೀಪ ಆರಿಸಿದ ಮೇಲೆ ಮಗು ಅಳತೊಡಗಿತಂತೆ. "ಕಿವಿ ಬೇಕು, ಕಿವಿ ಕೊಡು" ಎಂದು ಅದು ಕನ್ನಡದಲ್ಲಿ ಗೋಗರೆದರೆ, ತಮಿಳಿನವರಾದ ಅವರ ಸೊಸೆ ನೀರು ತಂದರು, ದೀಪ ಹಾಕಿದರು, ಬೊಂಬೆ ಕೊಟ್ಟರು. ಕೊನೆಗೆ ಅಜ್ಜಿ ಬಂದು ಪಕ್ಕದಲ್ಲಿ ಮಲಗಿ, ಓಲೆ ಬಿಚ್ಚಿಟ್ಟು, ತಮ್ಮ ಕಿವಿ ಕೊಟ್ಟರು.

"'ನಿಂಗೂ ನಮ್ಮನೆ ಮಾತು ಬತ್ತದಾ ಪಾಟಿ' ಅಂದ್ಳು. ಅಂಗೇ ಮಲೀಕಂಡ್ಳು."

ಭುವನಾ ಅಳುತ್ತ ಅವರ ಕಾಲಿಗೆ ಬಗ್ಗಿದಳು. "ತಪ್ಪಾಗೋಯ್ತಮ್ಮಾ. ಮೂರು ವರ್ಷ ಎಲ್ಲಾ ಕೇಳಿಸ್ಕೊಂಡೂ ಯಾಕೆ ಸುಮ್ನಿದ್ರಿ? ಒಂದು ಮಾತು ಬೈಬಾರ್ದಿತ್ತಾ?"

ಅಜ್ಜಿ ಅವಳನ್ನು ಎಬ್ಬಿಸಿದರು. "ನಮ್ಮನೆಯವ್ರು ಹೋದ ಮ್ಯಾಲೆ ಈ ಮನೇಲಿ ನಂಜೊತೆ ಈ ಮಾತಾಡೋರು ಇಲ್ಲ ಕಣಮ್ಮ. ಮಗಂಗೆ ಕೇಳಿದ್ರೆ ತಿಳೀತದೆ, ಆಡಕ್ಕೆ ಬರದು. ಗೇಟ್ ತಾವ ನಿಮ್ ಮಾತು ಕಿವಿಗೆ ಬಿತ್ತು. ನಂಗೆ ತಿಳೀತದೆ ಅಂತ ಗೊತ್ತಾಗಿದ್ರೆ ನೀವು ಬಾಯ್ ಮುಚ್ಕತಿದ್ರಿ. ಆಮ್ಯಾಲೆ ನಾ ಎಲ್ಲಿ ಹೋಗಿ ಕೇಳ್ಲಿ?"

ಕನ್ನಡಕ್ಕೆ ಉಪಕಾರ ಮಾಡುತ್ತಿದ್ದೇನೆಂದು ಬೀಗುತ್ತಿದ್ದವನು ನಾನು. ಕನ್ನಡಕ್ಕಾಗಿ ಹಸಿದು ಮೂರು ವರ್ಷ ಪಕ್ಕದಲ್ಲೇ ಬಂದು ನಿಂತ ಒಬ್ಬ ಹೆಂಗಸಿಗೆ ನಾನು ಉಣಬಡಿಸಿದ್ದು ಬರೀ ನಿಂದೆ. ಅದನ್ನೂ ಆಕೆ ಬೇಡವೆನ್ನದೆ ಉಂಡಿದ್ದರು. ನಾಚಿಕೆ ಎಂಬ ಪದವನ್ನು ಪುಸ್ತಕದಲ್ಲಿ ಎಂದೋ ಕಲಿತಿದ್ದೆ, ಅದರ ಅರ್ಥ ತಿಳಿದದ್ದು ಅಂದು.

ಸೋಮವಾರ ರಜೆ ಹಾಕಿ ನಾನೂ ಗೇಟಿಗೆ ಹೋದೆ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಬಾಯಿಗೆ ಬೀಗ ಹಾಕಿ ನಿಂತಿದ್ದೆವು. ಅಜ್ಜಿ ಬಂದು ಪಕ್ಕದಲ್ಲಿ ನಿಂತರು. ಕಾದರು. ನಮ್ಮಿಬ್ಬರಿಗೂ ಏನು ಹೇಳಿದರೂ ತಪ್ಪಾದೀತೆಂಬ ಭಯ. ಐದು ನಿಮಿಷ ಕಳೆದ ಮೇಲೆ ಅವರು ಭುವನಾಳ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಗಟ್ಟಿಯಾಗಿ ಹೇಳಿದರು:

"ಏನಮ್ಮಾ, ನಿನ್ ಗಂಡ ತಿರುಪ್ಪೂರ್ ಬನಿಯನ್ ಕಂಪ್ನೀಲಿ ಇರೋದಂತೆ. ಬನಿಯನ್ ಮಾತ್ರ ತಿರುಗಾಮುರುಗಾ ಹಾಕ್ಕಂಡವ್ನೆ?"

ಸುತ್ತ ನಿಂತಿದ್ದ ಇಪ್ಪತ್ತು ಮಂದಿಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಭುವನಾ ನನ್ನನ್ನು ನೋಡಿದಳು, ಅವರನ್ನು ನೋಡಿದಳು. "ದಿನಾ ಇದೇ ಕಥೆ ಅಮ್ಮಾ, ಎಷ್ಟಂತ ಹೇಳ್ಲಿ" ಎಂದಳು. ಅಜ್ಜಿ ನಕ್ಕರು, ಮೂರು ವರ್ಷದಲ್ಲಿ ಮೊದಲ ಸಲ. ನಾನು ದಂಗಾಗಿ ಬಗ್ಗಿ, ಅಂಗಿಯ ಕೊರಳಲ್ಲಿ ಇಣುಕುತ್ತಿದ್ದ ಬನಿಯನ್ನನ್ನು ನೋಡಿಕೊಂಡೆ. ಹೊಲಿಗೆ ಹೊರಗೇ ಇತ್ತು.