ವಚನದ ಕೆಳಗೊಂದು ದನಿ

ಮೊನ್ನೆ ಆಳಂದದ ತಮ್ಮನ ಮನೆಗೆ ಹೋದಾಗ ಅವನ ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ಏನು ಕೇಳ್ತಿ ಎಂದೆ.

"ಅತ್ತಿ, ಮಳಿ ಸಪ್ಪಳದ ಕೆಳಗ ಸಣ್ಣಗ 'ಓದಿದ್ದೆಲ್ಲಾ ನೆನಪಿರ್ತದ' ಅಂತ ಮಾತು ಇರ್ತಾವ. ಕಿವಿಗಿ ಗೊತ್ತಾಗಂಗಿಲ್ಲ, ಸೀದಾ ಮನಸಿನಾಗ ಹೋಗಿ ಕುಂದರ್ತಾವ."

ನಗು ತಡೆಯಲಾಗಲಿಲ್ಲ. ನೀವೇ ಹೇಳಿ, ನನ್ನ ತವರಾದ ಇದೇ ಮನೆಯಲ್ಲಿ ಈ ವಿದ್ಯೆಗೆ ಓಂಕಾರ ಹಾಕಿದವಳು ನಾನಲ್ಲವೆ?

ಅದು ಎಂಬತ್ತರ ದಶಕ. ಪಿಯುಸಿ ಮುಗಿಸಿ ಕಲಬುರ್ಗಿಯಲ್ಲಿ ಶಿಕ್ಷಕಿ ತರಬೇತಿಗೆ ಸೇರಬೇಕೆಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ತೊಗರಿ ವ್ಯಾಪಾರಿಯಾಗಿದ್ದ ಅಪ್ಪ ಅಫಜಲಪುರದ ಮನೆತನವೊಂದಕ್ಕೆ ನನ್ನನ್ನು ಕೊಡಲು ಮಾತು ನಡೆಸಿದ್ದ. ಅಪ್ಪನ ಎದುರು ನಿಂತು ಬೇಕು ಬೇಡ ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವ್ವ ಕೂಡ ಬಾಗಿಲ ಮರೆಯಿಂದಲೇ ಮಾತಾಡುವವಳು.

ಆಗ ಯಾವುದೋ ವಾರಪತ್ರಿಕೆಯಲ್ಲಿ ಓದಿದೆ: ಹಾಡಿನ ಕೆಳಗೆ ಮೆಲ್ಲಗೆ ಮಾತು ಸೇರಿಸಿದರೆ, ಕೇಳಿದವರು ಅದನ್ನು ತಮ್ಮದೇ ವಿಚಾರ ಅಂದುಕೊಳ್ಳುತ್ತಾರಂತೆ. ಅಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ವಚನದ ಕ್ಯಾಸೆಟ್ ಹಚ್ಚುತ್ತಿದ್ದ. ಇನ್ನೇನು ಬೇಕು! ಗೆಳತಿಯ ಟೇಪ್‌ರೆಕಾರ್ಡರ್ ತಂದು, ನಮ್ಮದರ ಎದುರಿಗಿಟ್ಟು, ಎರಡಕ್ಕೂ ದಪ್ಪ ಕೌದಿ ಹೊದಿಸಿ, ಮೂರನೆಯವಳಾಗಿ ನಾನೂ ಒಳಗೆ ಹೊಕ್ಕೆ. ಒಂದು ಹಾಡುವುದು, ಇನ್ನೊಂದು ರೆಕಾರ್ಡ್ ಮಾಡುವುದು, ನಡುವೆ ನಾನು ಬೆವರು ಸುರಿಸುತ್ತ, "ಮಗಳಿಗಿ ಸಾಲಿ ಕಲಸು, ಕಲಬುರ್ಗಿಗಿ ಕಳಸು" ಎಂದು ಉಸುರುವುದು. ಮೊದಲ ಸಲ ವಚನವೇ ಮುಳುಗಿಹೋಯಿತು. ಆಮೇಲೆ ಹದ ಸಿಕ್ಕಿತು; ಆ ಕ್ಯಾಸೆಟ್ಟನ್ನೇ ಅಪ್ಪನದರ ಜಾಗದಲ್ಲಿಟ್ಟೆ.

ಮರುದಿನದಿಂದ ಅಪ್ಪನ ಮುಖ ನೋಡುತ್ತ ಕಾದೆ. ಹುಬ್ಬು ಕೂಡ ಅಲುಗಲಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು, ಹೊರಗಿನ ಸಪ್ಪಳ ಹೊರಗೇ ಬಿಡಲಿಕ್ಕಲ್ಲವೆ ಆ ಪೂಜೆ ಇರುವುದು? ಇಡೀ ಮನೆಯಲ್ಲಿ ಟೇಪಿಗೆ ಕಿವಿಗೊಡದ ಒಬ್ಬನೇ ಒಬ್ಬನನ್ನು ನಾನು ಆರಿಸಿದ್ದೆ. ನನ್ನ ಶಾಣ್ಯಾತನಕ್ಕೆ ಬೆಂಕಿ ಹಾಕ!

ಅಫಜಲಪುರದವರು ನಿಶ್ಚಯಕ್ಕೆ ಬರುವ ದಿನ ಹತ್ತಿರವಾಯಿತು. ಆದದ್ದಾಗಲಿ, ಬಾಯಿಬಿಟ್ಟು ಹೇಳಿಯೇ ಬಿಡೋಣವೆಂದು ಒಂದು ಬೆಳಿಗ್ಗೆ ಪೂಜೆ ಮುಗಿಯುವುದನ್ನೇ ಕಾದು ನಿಂತೆ. ಅಪ್ಪ ಎದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಹುಡುಗಿಗಿ ಕಲಬುರ್ಗಿಗಿ ಕಳಸ್ರಿ. ಕಲೀಲಿ."

ಅಪ್ಪ ದಂಗಾದ. "ಯಾರ್ ಹೇಳಿಕೊಟ್ಟಾರ ನಿನಗ?"

"ಯಾರೂ ಇಲ್ರಿ. ನನಗೇ ಅನಸ್ತು. ನೀವು ಹೂಂ ಅನ್ನೋತನಕ ನಾ ಒಲಿ ಹಚ್ಚಂಗಿಲ್ಲ."

ಹಚ್ಚಲೂ ಇಲ್ಲ. ಅಪ್ಪ ಒಂದು ದಿನ ಖಾನಾವಳಿಯಲ್ಲಿ ಉಂಡ. ಮರುದಿನ ಅಫಜಲಪುರಕ್ಕೆ "ಈಗ ಬ್ಯಾಡ" ಎಂದು ಹೇಳಿ ಕಳಿಸಿದ. ನಾನು ಕಲಿತೆ, ಯಡ್ರಾಮಿಯಲ್ಲಿ ಶಿಕ್ಷಕಿಯಾದೆ.

ಇಷ್ಟನ್ನೂ ತಮ್ಮನ ಮಗಳಿಗೆ ಹೇಳಿ, "ಅಪ್ಪಗ ಹತ್ತಲಿಲ್ಲ ಖರೆ, ಅಡಗಿಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದ ಅವ್ವಗ ಹತ್ತಿತು ನೋಡು, ನನ್ನ ಟೇಪು!" ಎಂದು ಮೀಸೆಯಿಲ್ಲದ ನಾನು ಮೀಸೆ ತಿರುವಿದೆ.

ಅಲ್ಲೇ ಮಂಚದ ಮೇಲೆ ಮಲಗಿದ್ದ ಅವ್ವ ಇತ್ತ ಹೊರಳಿದಳು. "ಏನ್ ಹತ್ತೂದು ಬೇ? ಮದಲ್ನೇ ದಿನಾನೇ ನಿನ್ನ ದನಿ ಗುರ್ತು ಹಿಡಿದಿದ್ದೆ."

"ಮತ್ತ ಅಪ್ಪಗ 'ನನಗೇ ಅನಸ್ತು' ಅಂದಿ?"

"ನಾನೂ ನಮ್ಮಪ್ಪಗ ಸಾಲಿಗಿ ಹಾಕು ಅಂತ ಹಿಂಗೇ ಸಣ್ಣಗ ಅಂದಿದ್ದೆ. ಅವಗ ಕೇಳಸಲೇ ಇಲ್ಲ. ಅದಕ್ಕ ಅವತ್ತು ದೊಡ್ಡ ದನೀಲೆ ಹೇಳಿದೆ."

ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿ ನಿವೃತ್ತಳಾದ ನನಗೆ, ಅವ್ವನಿಗೂ ಕಲಿಯುವ ಆಸೆ ಇತ್ತೆಂಬುದು ಗೊತ್ತಾದದ್ದು ಮೊನ್ನೆ.