ಮುಳ್ಳಿಟ್ಟ ಮೇಲೆ ಮಾತಿಲ್ಲ

ಮೊನ್ನೆ ಬೇಲೂರಿನ ಸೈಕಲ್ ಶಾಪೊಂದರ ಮುಂದೆ ಹೋಗುವಾಗ ಹೊಸ ರಬ್ಬರಿನ ವಾಸನೆ ಬಂತು. ಯಾರಿಗಾದರೂ ಆ ವಾಸನೆಗೆ ಟೈರೋ ಟ್ಯೂಬೋ ನೆನಪಾದೀತು. ನನಗೆ ಬ್ಯಾಂಡು ವಾದ್ಯ ನೆನಪಾಗುತ್ತದೆ. ನಗಬೇಡಿ, ಅದೆಲ್ಲ ಅರಸೀಕೆರೆಯ ನಮ್ಮ ಟೈಪಿಂಗ್ ಮೇಡಂ ಪ್ರತಾಪ...

ತೊಂಬತ್ತರ ದಶಕದ ಕೊನೆಯ ಮಾತು. ಪಿಯುಸಿ ಮುಗಿಸಿದ್ದ ನಾನು ಹಾರನಹಳ್ಳಿಯಿಂದ ದಿನಾ ಬೆಳಿಗ್ಗೆ ಟೆಂಪೊ ಹತ್ತಿ ಅರಸೀಕೆರೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಸ್ಟೇಷನ್ ರಸ್ತೆಯಲ್ಲಿ ಮಹಡಿ ಮೇಲೊಂದು ಉದ್ದನೆಯ ಕೊಠಡಿ. ಮೇಡಂಗೆ ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅವರು ನಮಗೆ ಕಲಿಸುತ್ತಿದ್ದುದು ಹಳೆಯ ರೆಕಾರ್ಡ್ ಪ್ಲೇಯರ್ ಹಾಕಿ. ಬ್ಯಾಂಡು ವಾದ್ಯದ ಒಂದು ಪ್ಲೇಟು, ಅದರ ತಾಳಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಅಕ್ಷರ ಒತ್ತಬೇಕು. ಹೊಸಬರಿಗೆ ನಿಧಾನದ ಸ್ಪೀಡು. ಕೈ ಪಳಗಿದ ಮೇಲೆ ಪ್ಲೇಯರಿನ ಸ್ಪೀಡು ಬದಲಿಸುವ ಕಡ್ಡಿಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತಿದ್ದರು. ಅದೇ ಪ್ಲೇಟು ದೆವ್ವ ಮೆಟ್ಟಿದ ಹಾಗೆ ಓಡುತ್ತಿತ್ತು, ಹಿಂದೆಯೇ ನಾವು. ಪ್ಲೇಟಿನ ಮೇಲೆ ಮುಳ್ಳಿಟ್ಟರೆ ಮುಗಿಯಿತು, ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಆ ವರ್ಷ ಕಟ್ಟಡದ ಯಜಮಾನರು, ಕೊಠಡಿಯನ್ನು ಕಂಪ್ಯೂಟರ್ ಕ್ಲಾಸಿನವರಿಗೆ ಕೊಡುತ್ತೇನೆ, ಖಾಲಿ ಮಾಡಿ ಎಂದು ಗಂಟು ಬಿದ್ದರು.

"ಈ ಬ್ಯಾಚು ಪರೀಕ್ಷೆ ಮುಗಿಸೋವರ್ಗೂ ನಾನು ಕದಲಲ್ಲ" ಎಂದರು ಮೇಡಂ.

ನಮಗೂ ಆ ಪರೀಕ್ಷೆಯೇ ಗತಿ. ಪಾಸಾದರೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಕೂರಬೇಕು. ಸರಿಯಾಗಿ ಅದೇ ಹೊತ್ತಿಗೆ ಪ್ಲೇಯರ್ ಕೈಕೊಟ್ಟಿತು.

ಅದೇನು ತಾನಾಗಿ ಕೆಡಲಿಲ್ಲ, ಕೆಡಿಸಿದ್ದು ಮೇಡಮ್ಮೇ! ಆಯುಧ ಪೂಜೆಯ ದಿನ ಟೈಪ್‌ರೈಟರುಗಳನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಡುತ್ತಿದ್ದೆವು. ಮೇಡಂ ಅದೇ ಭಕ್ತಿಯಲ್ಲಿ ಪ್ಲೇಯರಿನ ತಟ್ಟೆ ಎತ್ತಿ, ಅದನ್ನು ತಿರುಗಿಸುವ ಪುಟ್ಟ ರಬ್ಬರ್ ಗಾಲಿಗೂ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ರಬ್ಬರ್ ಉಬ್ಬಿತು, ಜಾರತೊಡಗಿತು. ಬ್ಯಾಂಡಿನವರು ನಿದ್ದೆಗಣ್ಣಿನಲ್ಲಿ ಊದಿದ ಹಾಗೆ ರಾಗ ಎಳೆಯುತ್ತಿದ್ದರು, ನಮ್ಮ ಸ್ಪೀಡೂ ಅದರ ಜೊತೆಗೇ ಮಲಗಿತು.

"ಇದು ಓದಂಗೇಯ ಬುಡಿ ಮೇಡಮ್ಮೋರೇ. ಒಂದು ಟೇಪ್‌ರೆಕಾರ್ಡ್ರು ತಗಳಿ" ಎಂದರು ರೇಡಿಯೋ ರಿಪೇರಿಯವರು.

"ಅದ್ರಲ್ಲಿ ಒಂದೇ ಹಾಡನ್ನ ಎರಡು ಸ್ಪೀಡಲ್ಲಿ ಹಾಕಕ್ಕಾಗುತ್ತೇನ್ರೀ? ಕೆಡಿಸಿದ್ದು ನಾನು, ಎಬ್ಬಿಸೋಳೂ ನಾನೇ."

ರಿಪೇರಿಯವರು ಗುಜರಿ ಪ್ಲೇಯರಿನಿಂದ ಒಂದು ಗಾಲಿ ಕಿತ್ತು ಕೊಟ್ಟರು. ಕಲ್ಲಾಗಿತ್ತು ಅದು. ತಟ್ಟೆ ತಿರುಗಿತೇನೋ ನಿಜ, ಹಾಡಿನ ಅಡಿಯಲ್ಲಿ ಗುಡುಗುಡು ಸದ್ದು. "ರೊಟ್ಟಿ ತಟ್ಟೋ ಸದ್ದಿಗೆ ನನ್ನ ಹುಡುಗೀರು ಟೈಪ್ ಮಾಡಲ್ಲ" ಎಂದು ಮೇಡಂ ವಾಪಸ್ ಮಾಡಿದರು. ಆಮೇಲೆ ಹಳೆಯ ಗಾಲಿಯನ್ನೇ ಹಾಸನಕ್ಕೆ ಒಯ್ದರು. ಅಲ್ಲಿ ಟೈಪ್‌ರೈಟರ್ ರೋಲರುಗಳಿಗೆ ಹೊಸ ರಬ್ಬರ್ ಕಟ್ಟುವವರಿದ್ದರು. ಮೊದಲ ಸಲ ಕಟ್ಟಿಕೊಟ್ಟದ್ದನ್ನು ಉಗುರಿನಿಂದ ಒತ್ತಿ ನೋಡಿ, ಗಟ್ಟಿಯಾಯಿತು ಎಂದು ಬಿಚ್ಚಿಸಿದರು. ಎರಡನೆಯದು ಒಪ್ಪಿಗೆಯಾಯಿತು. ಮುಳ್ಳೂ ಸವೆದಿತ್ತು. ಬೆಂಗಳೂರಿಗೆ ಹೋಗುವವರ ಕೈಲಿ ಹಳೆಯದನ್ನು ಕಳಿಸಿ, ತದ್ವತ್ ಅಂಥದ್ದನ್ನೇ ತರಿಸಿದರು. ಹೆಚ್ಚುಕಡಿಮೆ ಹೊಂದುತ್ತೆ ಎನ್ನುವ ಮಾತೇ ಅವರ ಹತ್ತಿರ ನಡೆಯುತ್ತಿರಲಿಲ್ಲ. ಗಾಲಿ ಕೂರಿಸಿದ ದಿನ ಕೊಠಡಿಯ ತುಂಬ ರಬ್ಬರಿನ ವಾಸನೆ... ನಮಗೆ ಹಬ್ಬದ ಸಂಭ್ರಮ.

ಪರೀಕ್ಷೆ ಹತ್ತಿರವಾದಾಗ ಯಜಮಾನರು ಕಂಪ್ಯೂಟರಿನವರನ್ನು ಕಟ್ಟಿಕೊಂಡು ಕೊಠಡಿ ಅಳೆಯಲು ಬಂದೇಬಿಟ್ಟರು, ಅದೂ ಕ್ಲಾಸು ನಡೆಯುತ್ತಿರುವಾಗ! ಮೇಡಂ ಕಡ್ಡಿಯನ್ನು ಮುಂದಕ್ಕೆ ತಳ್ಳಿ ಮುಳ್ಳಿಟ್ಟರು. ಬ್ಯಾಂಡು ಓಡಿತು. ನಾವು ಹಲ್ಲು ಕಚ್ಚಿ ಒತ್ತಿದೆವು. ಆ ತುದಿಯಲ್ಲಿ ಕೂಗಿದ ಅಳತೆ ಈ ತುದಿಗೆ ಕೇಳಿಸಿದರೆ ತಾನೆ!

"ಒಸಿ ನಿಲ್ಸಿ ಮೇಡಮ್ಮೋರೇ!" ಯಜಮಾನರು ಅರಚಿದರು.

"ಪ್ಲೇಟು ಮುಗೀಲಿ ಯಜಮಾನ್ರೇ."

ಅವರು ಮೆಟ್ಟಿಲ ಮೇಲೆ ಕಾದು ನಿಂತರು. ಪ್ಲೇಟು ಮುಗಿಯಿತು. ಮೇಡಂ ಅದನ್ನು ಮಗುಚಿ ಹಾಕಿದರು.

ನಾವೆಲ್ಲರೂ ಪಾಸಾದೆವು. ಫಲಿತಾಂಶದ ದಿನ ಪೇಡ ಹಿಡಿದು ಮಹಡಿ ಹತ್ತಿದರೆ ಬೀಗ. ಪರೀಕ್ಷೆ ಮುಗಿದ ಮಾರನೆಯ ದಿನವೇ ಮೇಡಂ ಬೀಗದಕೈ ಕೊಟ್ಟು, ಪ್ಲೇಯರ್ ಹೊತ್ತುಕೊಂಡು ಬಿಕ್ಕೋಡಿನ ತಂಗಿ ಮನೆಗೆ ಹೋಗಿದ್ದರು. ನಾನು ಅಲ್ಲಿಗೇ ಹೋದೆ. "ಕೊನೆಗೂ ಖಾಲಿ ಮಾಡಿಸಿಬಿಟ್ರಲ್ಲ ಮೇಡಂ" ಎಂದು ಕಣ್ಣೀರು ಹಾಕಿದ್ದಕ್ಕೆ ಸರಿಯಾಗಿ ಬೈಸಿಕೊಂಡೆ.

"ಯಾರೇ ಮಾಡ್ಸಿದ್ದು? ಪರೀಕ್ಷೆವರ್ಗೂ ಅಂದಿದ್ದೆ, ಪರೀಕ್ಷೆವರ್ಗೂ ಇದ್ದೆ. ಅಳು ನಿಲ್ಸಿ ಪೇಡ ಕೊಡೇ ಇಲ್ಲಿ."

ಅಲ್ಲಿಂದ ಮುಂದೆ ಎಷ್ಟು ಸಲ ಬಿಕ್ಕೋಡಿಗೆ ಹೋದೆನೋ ಲೆಕ್ಕವಿಲ್ಲ. ಕೆಲಸ ಸಿಕ್ಕಿತೆಂದು ಹೋದೆ, ಮದುವೆಗೆ ಕರೆಯಲು ಹೋದೆ, ಗಂಡನ ಜೊತೆ ಜಗಳವಾಡಿಕೊಂಡೂ ಹೋದೆ. ಹೋದ ವರ್ಷ ಹೋದದ್ದು ಮಾತ್ರ ಅವರ ಹೆಣ ನೋಡಲು. ಅಂಗಳದಲ್ಲಿ ಯಾರೋ ಹೆಂಗಸು, "ಪಾಪ, ಒಂಟಿ ಜೀವ. ಗಂಡ ಮಕ್ಳು ಅಂತ ಯಾರೂ ಇರ್ಲಿಲ್ಲ" ಎಂದರು. ಸಾವಿನ ಮನೆ ಎಂದೂ ನೋಡದೆ ಜಗಳಕ್ಕೇ ನಿಂತೆ. "ಯಾರೂ ಇರ್ಲಿಲ್ವಾ? ನಾವೇನು ಸತ್ತಿದೀವೇನ್ರೀ?" ಎಂದೆ. ನಮ್ಮ ಬ್ಯಾಚಿನವರೇ ಅಂಗಳದ ತುಂಬ ನಿಂತಿದ್ದರು.

ಈಗ ಬೇಲೂರಿನಲ್ಲಿ ನನ್ನ ಆಫೀಸಿನ ಮುಂದೆಯೇ ಬಿಕ್ಕೋಡಿನ ಬಸ್ಸು ಹೋಗುತ್ತದೆ. ಕಂಡಾಗಲೆಲ್ಲ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಆ ಹೆಂಗಸಿಗೆ ಗೊತ್ತಾಗಲಿಲ್ಲ, ಯಾರೂ ಇಲ್ಲದ ಹಾಗಾದದ್ದು ಮೇಡಂಗಲ್ಲ... ನನಗೆ.